ಉಳಿದವರು ಊರು ಕಟ್ಟಿದ ಬಗೆ

2025ರ ಜುಲೈ ಮೊದಲ ವಾರ ಟಿ.ವಿ. ಚರ್ಚೆಗಳಲ್ಲಿ ಒಂದೇ ಪ್ರಶ್ನೆ ಓಡುತ್ತಿತ್ತು: ಮುಂದಿನ ದಲೈ ಲಾಮಾ ಯಾರು? ಜುಲೈ 6ಕ್ಕೆ 14ನೇ ದಲೈ ಲಾಮಾ ಅವರಿಗೆ 90 ವರ್ಷ ತುಂಬಿತು. ತಮ್ಮ ನಂತರವೂ ಆ ಪೀಠ ಮುಂದುವರಿಯುತ್ತದೆ, ಉತ್ತರಾಧಿಕಾರಿಯನ್ನು ಗುರುತಿಸುವ ಅಧಿಕಾರ ತಮ್ಮ ಟ್ರಸ್ಟ್‌ಗೆ ಮಾತ್ರ ಇದೆ ಎಂದು ಅದಕ್ಕೆ ನಾಲ್ಕು ದಿನ ಮೊದಲೇ ಅವರು ಹೇಳಿದ್ದರು. ಚೀನಾ ಅದನ್ನು ಒಪ್ಪಲಿಲ್ಲ. ಭಾರತ, ಚೀನಾ, ಅಮೆರಿಕದ ಲೆಕ್ಕಾಚಾರಗಳ ಬಗ್ಗೆ ಪರಿಣತರು ಗಂಟೆಗಟ್ಟಲೆ ಮಾತನಾಡಿದರು.

ಆ ಚರ್ಚೆಗಳಲ್ಲಿ ಕರ್ನಾಟಕದ ಹೆಸರು ಬಂದದ್ದು ಕಡಿಮೆ. ಆದರೆ ದೇಶದಲ್ಲಿ ಟಿಬೆಟನ್ ನಿರಾಶ್ರಿತರು ಅತಿ ಹೆಚ್ಚು ಇರುವುದು ಹಿಮಾಚಲದಲ್ಲಲ್ಲ, ನಮ್ಮ ರಾಜ್ಯದಲ್ಲಿ. ಕೆಲವು ವರ್ಷಗಳ ಹಿಂದಿನ ಕೇಂದ್ರ ಗೃಹ ಸಚಿವಾಲಯದ ವಾರ್ಷಿಕ ವರದಿಯ ಪ್ರಕಾರ ದೇಶದಲ್ಲಿದ್ದ 72 ಸಾವಿರಕ್ಕೂ ಹೆಚ್ಚು ಟಿಬೆಟನ್ನರಲ್ಲಿ 21 ಸಾವಿರಕ್ಕೂ ಹೆಚ್ಚು ಮಂದಿ ಕರ್ನಾಟಕದಲ್ಲಿದ್ದರು. ಮೈಸೂರು ಜಿಲ್ಲೆಯ ಬೈಲಕುಪ್ಪೆ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ, ಉತ್ತರ ಕನ್ನಡದ ಮುಂಡಗೋಡ ಅವರ ಊರುಗಳು. ಪೀಠದ ಪ್ರಶ್ನೆಯನ್ನು ದೊಡ್ಡವರು ನೋಡಿಕೊಳ್ಳಲಿ. ನನ್ನ ವಯಸ್ಸಿನವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮನೆ, ಮಠ, ಜಮೀನು, ದೇಶ ಎಲ್ಲ ಕಳೆದುಕೊಂಡು ಬಂದವರು ಮತ್ತೆ ಒಂದು ಸಮುದಾಯವಾಗಿ ಎದ್ದು ನಿಂತದ್ದು ಹೇಗೆ? ಅಷ್ಟು ಕಷ್ಟಪಟ್ಟು ಕಟ್ಟಿದ ಊರಿನಿಂದ ಈಗ ಹುಡುಗರು ಹೊರಟು ಹೋಗುತ್ತಿರುವುದು ಏಕೆ?

ನಾನು ಮೊಳಕಾಲ್ಮುರಿನವನು. ಚಳ್ಳಕೆರೆಯಲ್ಲಿ ಬಿ.ಇ. ಓದುತ್ತಿದ್ದೇನೆ. ಬೈಲಕುಪ್ಪೆಯ ಕಥೆಗೂ ನಮ್ಮ ಚಿತ್ರದುರ್ಗ ಜಿಲ್ಲೆಗೂ ಏನು ಸಂಬಂಧ ಎಂದು ಅನಿಸಬಹುದು. ಸಂಬಂಧ ಇದೆ, ಅದೂ ಒಂದಲ್ಲ.

ದುರ್ಗದ ನಂಟು

1956ರಲ್ಲಿ ಬುದ್ಧನ 2500ನೇ ಜಯಂತಿಗೆ ಭಾರತಕ್ಕೆ ಬಂದಿದ್ದ ಯುವ ದಲೈ ಲಾಮಾ ಅವರು ಎಸ್. ನಿಜಲಿಂಗಪ್ಪ ಅವರನ್ನು ಭೇಟಿಯಾಗಿದ್ದರು. ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪ ನಮ್ಮ ಚಿತ್ರದುರ್ಗದವರು. ಮೂರು ವರ್ಷ ಕಳೆಯುವುದರೊಳಗೆ ಲಾಸಾದಲ್ಲಿ ದಂಗೆ ನಡೆದು, ಚೀನಾದ ಸೇನೆ ಅದನ್ನು ಹತ್ತಿಕ್ಕಿತು. 1959ರ ಮಾರ್ಚ್ ಕೊನೆಗೆ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80 ಸಾವಿರ ಜನ ಬಂದರು. ಇವರಿಗೆ ಜಾಗ ಕೊಡಿ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ದೊಡ್ಡ ಪ್ರಮಾಣದಲ್ಲಿ ಮುಂದೆ ಬಂದದ್ದು ಮೈಸೂರು ರಾಜ್ಯ. ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಸಿಕ್ಕಿತು. ಆಗ ಬಿ.ಡಿ. ಜತ್ತಿ ಮುಖ್ಯಮಂತ್ರಿ. 1966ರಲ್ಲಿ ಮುಂಡಗೋಡದ ವಸತಿ ಶುರುವಾದಾಗ ನಿಜಲಿಂಗಪ್ಪ ಎರಡನೇ ಬಾರಿ ಅಧಿಕಾರದಲ್ಲಿದ್ದರು. ಆ ಉಪಕಾರವನ್ನು ದಲೈ ಲಾಮಾ ಇಂದಿಗೂ ಹೆಸರು ಹಿಡಿದು ನೆನೆಯುತ್ತಾರೆ. 2011ರಲ್ಲಿ ಸೀಬಾರದ ನಿಜಲಿಂಗಪ್ಪ ಸ್ಮಾರಕದ ಉದ್ಘಾಟನೆಗೆ ಅವರೇ ಬಂದಿದ್ದರು. ಹೈವೇಯಲ್ಲಿ ಬಸ್ಸಿನಲ್ಲಿ ಹೋಗುವಾಗ ನಾವೆಲ್ಲ ನೋಡುವ ಜಾಗವೇ ಅದು.

ಕೊಲ್ಲುವುದು ಜನರನ್ನು ಮಾತ್ರವಲ್ಲ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ರಾಫೆಲ್ ಲೆಮ್ಕಿನ್ ಹೆಸರು ಗೊತ್ತಿರಬಹುದು. ಪೋಲೆಂಡಿನ ಈ ಯಹೂದಿ ವಕೀಲ 1944ರಲ್ಲಿ ‘ಜೆನೊಸೈಡ್’ ಎಂಬ ಪದವನ್ನು ಹುಟ್ಟುಹಾಕಿದರು. ಅವರ ಕುಟುಂಬದ ಹಲವರು ನಾಜಿಗಳಿಗೆ ಬಲಿಯಾಗಿದ್ದರು. ನಾವು ಈ ಪದವನ್ನು ‘ನರಮೇಧ’ ಎಂದು ಅನುವಾದಿಸಿ ಸಾಮೂಹಿಕ ಹತ್ಯೆ ಎಂದಷ್ಟೇ ಅರ್ಥ ಮಾಡಿಕೊಳ್ಳುತ್ತೇವೆ. ಲೆಮ್ಕಿನ್ ಹೇಳಿದ್ದು ಇನ್ನೂ ವಿಶಾಲವಾದದ್ದು. ಒಂದು ಜನಸಮುದಾಯದ ಬದುಕಿನ ಬುನಾದಿಗಳನ್ನು, ಅಂದರೆ ಭಾಷೆ, ಧರ್ಮ, ಸಂಸ್ಥೆಗಳು, ಜೀವನೋಪಾಯ ಇವನ್ನೆಲ್ಲ ಯೋಜನೆ ಹಾಕಿ ಕಿತ್ತುಹಾಕುವುದೂ ಅವರ ವಿವರಣೆಯಲ್ಲಿತ್ತು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆ ಇದರ ಒಂದು ಭಾಗವನ್ನಷ್ಟೇ ಕಾನೂನಿನೊಳಗೆ ತಂದಿತು.

ಟಿಬೆಟ್ ವಿಷಯದಲ್ಲಿ ಅಂತರರಾಷ್ಟ್ರೀಯ ನ್ಯಾಯಶಾಸ್ತ್ರಜ್ಞರ ಆಯೋಗ 1960ರಲ್ಲಿ ಒಂದು ವರದಿ ಕೊಟ್ಟಿತು. ಟಿಬೆಟನ್ನರನ್ನು ಒಂದು ಧಾರ್ಮಿಕ ಗುಂಪಾಗಿ ನಾಶ ಮಾಡುವ ಯತ್ನದಲ್ಲಿ ನರಮೇಧದ ಕೃತ್ಯಗಳು ನಡೆದಿವೆ ಎಂದು ಅದರ ತನಿಖಾ ಸಮಿತಿ ಹೇಳಿತು. ಒಂದು ಜನಾಂಗವಾಗಿ ಅಥವಾ ರಾಷ್ಟ್ರವಾಗಿ ನಾಶ ಮಾಡುವ ಯತ್ನ ನಡೆದಿದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದೂ ಅದೇ ಸಮಿತಿ ಹೇಳಿತು. ಚೀನಾ ಇಂಥ ಆರೋಪಗಳನ್ನು ಸಾರಾಸಗಟಾಗಿ ತಳ್ಳಿಹಾಕುತ್ತದೆ. ಯುರೋಪಿನಲ್ಲಿ ಯಹೂದಿಗಳಿಗೆ ಆದದ್ದೂ ಟಿಬೆಟನ್ನರಿಗೆ ಆದದ್ದೂ ಒಂದೇ ಅಲ್ಲ. ಅಲ್ಲಿ ಸುಮಾರು 60 ಲಕ್ಷ ಜನ, ಅಂದರೆ ಯುರೋಪಿನ ಯಹೂದಿಗಳಲ್ಲಿ ಮೂರರಲ್ಲಿ ಎರಡು ಪಾಲು, ಕೊಲ್ಲಲ್ಪಟ್ಟರು. ದುಃಖವನ್ನು ತಕ್ಕಡಿಗೆ ಹಾಕಿ ತೂಗುವ ಅಗತ್ಯ ನಮಗಿಲ್ಲ. ಆದರೆ ಲೆಮ್ಕಿನ್ ಅವರ ಮಾತಿನಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ನಾಶವಾದದ್ದು ಬುನಾದಿಗಳಾದರೆ, ಮತ್ತೆ ಕಟ್ಟಬೇಕಾದದ್ದೂ ಅವನ್ನೇ. ಅನ್ನ, ಟೆಂಟು, ಕಂಬಳಿ ಕೊಟ್ಟರೆ ಜೀವ ಉಳಿಯುತ್ತದೆ. ಅಷ್ಟಕ್ಕೇ ಸಮುದಾಯ ಉಳಿಯುವುದಿಲ್ಲ.

ದಲೈ ಲಾಮಾ ಕೇಳಿದ ಪ್ರಶ್ನೆ

ಇದು ನಾನು ಎಳೆದು ತಂದ ಹೋಲಿಕೆಯಲ್ಲ. 1990ರಲ್ಲಿ ಯಹೂದಿ ಗುರುಗಳು ಮತ್ತು ವಿದ್ವಾಂಸರ ಒಂದು ತಂಡ ಧರ್ಮಶಾಲಾಕ್ಕೆ ಬಂದಿತ್ತು. ನೆಲ ಕಳೆದುಕೊಂಡು ಎರಡು ಸಾವಿರ ವರ್ಷ ನೀವು ಉಳಿದದ್ದು ಹೇಗೆ ಎಂಬುದು ದಲೈ ಲಾಮಾ ಅವರಲ್ಲಿದ್ದ ಮುಖ್ಯ ಪ್ರಶ್ನೆ. ತಂಡ ಕೊಟ್ಟ ಉತ್ತರದಲ್ಲಿ ದೊಡ್ಡ ದೊಡ್ಡ ಸಿದ್ಧಾಂತಗಳಿಗಿಂತ ಮನೆಯ ಮಾತು ಹೆಚ್ಚಿತ್ತು. ಗುರುಗಳು, ಮಂದಿರಗಳು ಬೇಕು ನಿಜ, ಆದರೆ ಆಚರಣೆ ಮನೆಯ ಊಟದ ಮೇಜಿನವರೆಗೆ ಬರಬೇಕು, ಮಕ್ಕಳಿಗೆ ಕಥೆ ಹೇಳಬೇಕು, ಓದು ಎಲ್ಲರಿಗೂ ತಲುಪಬೇಕು ಎಂದು ಅವರು ವಿವರಿಸಿದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಯಹೂದಿಗಳು ಮಾಡಿದ್ದನ್ನು ನೋಡಿದರೆ ಈ ಉತ್ತರದ ಬೆಲೆ ತಿಳಿಯುತ್ತದೆ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಬೆರ್ಗೆನ್-ಬೆಲ್ಸೆನ್ ಶಿಬಿರವನ್ನು ಬಿಡುಗಡೆ ಮಾಡಿದಾಗ ಅಲ್ಲಿ ಸುಮಾರು 60 ಸಾವಿರ ಕೈದಿಗಳಿದ್ದರು. ಬಿಡುಗಡೆಯಾದ ಮೇಲೂ 13 ಸಾವಿರಕ್ಕೂ ಹೆಚ್ಚು ಜನ ರೋಗ, ನಿಶ್ಶಕ್ತಿಯಿಂದ ಸತ್ತರು. ಉಳಿದವರಲ್ಲಿ ಊರಿಗೆ ಮರಳಿದ ಅನೇಕರು ಕಂಡದ್ದು ತಮ್ಮ ಮನೆಗಳಲ್ಲಿ ಬೇರೆಯವರ ಸಂಸಾರವನ್ನು. ಪೋಲೆಂಡಿನ ಕೀಲ್ಸೆಯಲ್ಲಿ, ಯುದ್ಧ ಮುಗಿದು ಒಂದು ವರ್ಷವಾದ ಮೇಲೆ, 1946ರ ಜುಲೈ 4ರಂದು ಗುಂಪೊಂದು 42 ಯಹೂದಿಗಳನ್ನು ಕೊಂದಿತು. ಹೋಗಲು ಊರಿಲ್ಲದ ಸುಮಾರು ಎರಡೂವರೆ ಲಕ್ಷ ಯಹೂದಿಗಳು ಜರ್ಮನಿ, ಆಸ್ಟ್ರಿಯಾ, ಇಟಲಿಯ ಶಿಬಿರಗಳಲ್ಲಿ ವರ್ಷಗಟ್ಟಲೆ ಉಳಿದರು. ಕೊನೆಯ ಶಿಬಿರ ಫೊರೆನ್‌ವಾಲ್ಡ್ ಮುಚ್ಚಿದ್ದು 1957ರಲ್ಲಿ.

ಆ ಶಿಬಿರಗಳಲ್ಲಿ ಅವರು ಸುಮ್ಮನೆ ಸಾಲಿನಲ್ಲಿ ನಿಂತು ರೊಟ್ಟಿ ತೆಗೆದುಕೊಳ್ಳುತ್ತ ಕೂರಲಿಲ್ಲ. ತಮ್ಮದೇ ಸಮಿತಿಗಳನ್ನು ಆರಿಸಿಕೊಂಡರು. ಬೆಲ್ಸೆನ್ ಸಮಿತಿಯ ಮುಖ್ಯಸ್ಥ ಯೋಸೆಫ್ ರೋಸೆನ್ಸಾಫ್ಟ್ ಸ್ವತಃ ಆಶ್ವಿಟ್ಜ್‌ನಿಂದ ಬದುಕಿ ಬಂದವರು. ಶಾಲೆ, ನಾಟಕ ತಂಡ, ಪತ್ರಿಕೆ ಶುರುವಾದವು. ಮದುವೆಗಳು ನಡೆದವು, 1946ರ ಹೊತ್ತಿಗೆ ಶಿಬಿರಗಳ ಜನನ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಓಆರ್‌ಟಿ ಎಂಬ ಸಂಸ್ಥೆ ಹೊಲಿಗೆ, ಬಡಗಿ ಕೆಲಸ, ಯಂತ್ರ ರಿಪೇರಿ ಕಲಿಸಿತು. ನಮ್ಮ ಐಟಿಐ ಇದ್ದ ಹಾಗೆ. ಮ್ಯೂನಿಕ್‌ನಲ್ಲಿ ಉಳಿದವರೇ ಒಂದು ಇತಿಹಾಸ ಆಯೋಗ ರಚಿಸಿಕೊಂಡು ಸಾವಿರಾರು ಜನರ, ಮಕ್ಕಳದೂ ಸೇರಿ, ಹೇಳಿಕೆಗಳನ್ನು ಬರೆದಿಟ್ಟರು. 1948ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, ಅಮೆರಿಕದ ಸೇನೆಯ ನೆರವಿನಿಂದ, ತಮ್ಮ ಧರ್ಮಗ್ರಂಥ ತಾಲ್ಮುಡ್‌ನ ಪೂರ್ಣ ಆವೃತ್ತಿಯನ್ನು ಅಚ್ಚು ಹಾಕಿಸಿದರು. ಪುಸ್ತಕಗಳನ್ನು ಬೀದಿಯಲ್ಲಿ ರಾಶಿ ಹಾಕಿ ಸುಟ್ಟ ದೇಶದಲ್ಲೇ ಅದು ಅಚ್ಚಾಯಿತು.

ಬೈಲಕುಪ್ಪೆಯ ಲೆಕ್ಕ

ಈಗ ಬೈಲಕುಪ್ಪೆಗೆ ಬರೋಣ. ಹಿಮಾಲಯದ ರಸ್ತೆ ಕೆಲಸಗಳಲ್ಲಿ ಕಲ್ಲು ಒಡೆಯುತ್ತಿದ್ದವರನ್ನು 1960ರ ನಂತರ ರೈಲಿನಲ್ಲಿ ಇಲ್ಲಿಗೆ ಕರೆತಂದರು. ಚಳಿ ನಾಡಿನ ಜನ, ಎದುರಿಗೆ ಕಾಡು, ಆನೆಗಳ ಕಾಟ, ಸೆಕೆ. ಟೆಂಟು, ಬಿದಿರಿನ ಗುಡಿಸಲುಗಳಲ್ಲಿದ್ದುಕೊಂಡು ಕಾಡು ಕಡಿದರು, ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಸಹಕಾರ ಸಂಘ ಮಾಡಿಕೊಂಡು ಬೀಜ, ಗೊಬ್ಬರ, ಟ್ರ್ಯಾಕ್ಟರು, ಮಾರಾಟ ಎಲ್ಲವನ್ನೂ ಅದರ ಮೂಲಕ ನಡೆಸಿದರು. ಮಳೆಯಾಶ್ರಿತ ಜಮೀನಿನಿಂದ ವರ್ಷಪೂರ್ತಿ ಹೊಟ್ಟೆ ತುಂಬುವುದಿಲ್ಲ ಎಂದು ಗೊತ್ತಾದಾಗ ಲುಧಿಯಾನದಿಂದ ಸ್ವೆಟರ್ ತಂದು ಚಳಿಗಾಲದಲ್ಲಿ ಊರೂರು ಸುತ್ತಿ ಮಾರುವ ದಾರಿ ಕಂಡುಕೊಂಡರು. ನಮ್ಮ ಕಡೆಯ ಪಟ್ಟಣಗಳಲ್ಲಿ ರಸ್ತೆ ಬದಿ ಸ್ವೆಟರ್ ಅಂಗಡಿ ಹಾಕುವವರನ್ನು ನಾವು ‘ನೇಪಾಳದವರು’ ಎಂದು ಕರೆಯುತ್ತೇವೆ. ಅವರಲ್ಲಿ ಎಷ್ಟೋ ಜನ ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ!

ಎರಡನೆಯದು ಶಾಲೆ. ಟಿಬೆಟನ್ ಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕು ಎಂಬುದನ್ನು ನೆಹರೂ ಒಪ್ಪಿದ್ದರಿಂದ 1961ರಲ್ಲಿ ಕೇಂದ್ರ ಸರ್ಕಾರದ ಅಡಿಯಲ್ಲೇ ಟಿಬೆಟನ್ ಶಾಲೆಗಳ ಆಡಳಿತ ಸಂಸ್ಥೆ ಹುಟ್ಟಿತು. ಚಿಕ್ಕ ತರಗತಿಗಳಲ್ಲಿ ಪಾಠ ತಮ್ಮ ಭಾಷೆಯಲ್ಲಿ, ದೊಡ್ಡವರಾದ ಮೇಲೆ ಇಂಗ್ಲಿಷಿನಲ್ಲಿ. ಬೀದಿಯಲ್ಲಿ ಕನ್ನಡ ತಾನಾಗಿ ಬಂತು. ಮೂರನೆಯದು ಮಠ. ಟಿಬೆಟ್ಟಿನಿಂದ ಬಂದ ಭಿಕ್ಷುಗಳನ್ನು ಮೊದಲು ಇರಿಸಿದ್ದು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ. ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಹಳೆಯ ಜೈಲು ಅದು. ಕ್ಷಯರೋಗ ಅನೇಕರನ್ನು ಕಾಡಿತು. ಆದರೂ ಗ್ರಂಥಗಳ ಪಾಠ, ಚರ್ಚೆ ನಿಲ್ಲಲಿಲ್ಲ. 1970ರ ಆಸುಪಾಸಿನಲ್ಲಿ ಅವರು ಕರ್ನಾಟಕಕ್ಕೆ ಬಂದರು. ಹಾಗೆ ಸೆರಾ ಮಠ ಬೈಲಕುಪ್ಪೆಯಲ್ಲೂ, ಡ್ರೆಪುಂಗ್ ಮತ್ತು ಗಾದೆನ್ ಮಠಗಳು ಮುಂಡಗೋಡದಲ್ಲೂ ಮತ್ತೆ ತಲೆ ಎತ್ತಿದವು.

ನಾಲ್ಕನೆಯದು ಮತ. 1960ರ ಸೆಪ್ಟೆಂಬರ್ 2ರಂದು, ದೇಶ ಬಿಟ್ಟು ಬಂದು ಒಂದೂವರೆ ವರ್ಷ ತುಂಬುವ ಮೊದಲೇ, ಅವರ ಚುನಾಯಿತ ಪ್ರತಿನಿಧಿಗಳ ಸಂಸತ್ತು ಸೇರಿತು. 2011ರಲ್ಲಿ ದಲೈ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನು ಪೂರ್ತಿ ಬಿಟ್ಟುಕೊಟ್ಟರು. 2021ರಲ್ಲಿ ಅವರ ಆಡಳಿತದ ಮುಖ್ಯಸ್ಥರಾಗಿ, ಅಂದರೆ ‘ಸಿಕ್ಯೋಂಗ್’ ಆಗಿ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ 1967ರಲ್ಲಿ ಹುಟ್ಟಿದ್ದು, ಶಾಲೆ ಓದಿದ್ದು ಬೈಲಕುಪ್ಪೆಯಲ್ಲೇ.

ಎರಡೂ ಕಡೆ ಕಾಣುವುದು ಒಂದೇ ಕ್ರಮ. ನೆರವು ಹೊರಗಿನಿಂದ ಬಂತು, ಆಡಳಿತ ಒಳಗಿನವರ ಕೈಯಲ್ಲಿತ್ತು. ಮೊದಲು ಹೊಟ್ಟೆ ತುಂಬಲಿ, ಭಾಷೆ–ಓದು–ನೆನಪು ಆಮೇಲೆ ನೋಡೋಣ ಎಂದು ಅವರು ಮುಂದೂಡಲಿಲ್ಲ. ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದರು. ನನಗೆ ಇದೇ ಇಡೀ ಕಥೆಯ ತಿರುಳು ಅನಿಸುತ್ತದೆ.

ನಮ್ಮ ಸಂಘಗಳ ಬೇರು

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಇಂದು ನಮ್ಮ ತಾಯಂದಿರು ವಾರಕ್ಕೊಮ್ಮೆ ಸೇರಿ ಹಣ ಕಟ್ಟಿ ಸಾಲ ತೆಗೆಯುವ ಸ್ವಸಹಾಯ ಸಂಘಗಳ ಬೇರು ಒಂದು ಕಡೆ ಟಿಬೆಟನ್ ಪುನರ್ವಸತಿಗೆ ತಾಗುತ್ತದೆ. 1968ರಲ್ಲಿ ಹುಟ್ಟಿದ ‘ಮೈರಾಡ’ ಎಂಬ ಸಂಸ್ಥೆ ಶುರುವಾದದ್ದೇ ಮೈಸೂರು ರಾಜ್ಯಕ್ಕೆ ಬಂದ ಟಿಬೆಟನ್ನರಿಗೆ ನೆಲೆ ಕಟ್ಟಿಕೊಡಲು. ಆ ಕೆಲಸ ಮುಗಿದ ಮೇಲೆ ಅದು ನಮ್ಮ ಹಳ್ಳಿಗಳ ಕಡೆ ತಿರುಗಿತು. ದೊಡ್ಡ ಸಹಕಾರ ಸಂಘಗಳು ಕೆಲವು ಕಡೆ ಕುಸಿದಾಗ, ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪುಗಳು ತಾವೇ ಸಾಲ ವಸೂಲಿ ಮಾಡಿಕೊಂಡು ಉಳಿದದ್ದನ್ನು 1984–85ರ ಹೊತ್ತಿಗೆ ಅದರ ಸಿಬ್ಬಂದಿ ಗಮನಿಸಿದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹಣ ಕೊಟ್ಟಿತು, 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ರಾಷ್ಟ್ರೀಯ ಕಾರ್ಯಕ್ರಮ ಬಂತು. ನಿರಾಶ್ರಿತರಿಗೆ ನಾವು ಜಾಗ ಕೊಟ್ಟೆವು ಎಂದು ಹೇಳಿಕೊಳ್ಳುತ್ತೇವೆ. ಅವರಿಗಾಗಿ ಹುಟ್ಟಿದ ಸಂಸ್ಥೆಯಿಂದ ನಮಗೂ ಒಂದು ದಾರಿ ಸಿಕ್ಕಿತು.

ಕಟ್ಟಿದ ಊರು ಖಾಲಿಯಾದರೆ?

ಇಷ್ಟೆಲ್ಲ ಆದ ಮೇಲೆ ಕಥೆ ಸುಖಾಂತ್ಯವಾಗಬೇಕಿತ್ತು. ಆಗಿಲ್ಲ. ಟಿಬೆಟನ್ ಆಡಳಿತವೇ 2009ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಭಾರತದಲ್ಲಿದ್ದವರ ಸಂಖ್ಯೆ 94,203. ಮೇಲೆ ಹೇಳಿದ ಗೃಹ ಸಚಿವಾಲಯದ ಲೆಕ್ಕಕ್ಕೆ ಅದನ್ನು ಹೋಲಿಸಿ. ಎರಡರ ಎಣಿಕೆಯ ಕ್ರಮ ಬೇರೆ ಇರಬಹುದು, ಆದರೆ ಇಳಿಕೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿರುವವರಲ್ಲಿ ಯುವಕರೇ ಹೆಚ್ಚು. ಟಿಬೆಟ್ಟಿನಿಂದ ಹೊಸದಾಗಿ ಬರುವವರು ಬಹುತೇಕ ನಿಂತಿದ್ದಾರೆ. ಮಕ್ಕಳು ಕಡಿಮೆಯಾಗಿ ಶಾಲೆಗಳನ್ನು ಒಂದಕ್ಕೊಂದು ಸೇರಿಸಬೇಕಾಗಿದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆದಾಗ, ಹೊರಗಿನ ಹಣದ ಮೇಲೆ ನಿಂತ ಕೆಲಸ ಎಷ್ಟು ಬೇಗ ಅಲುಗಾಡುತ್ತದೆ ಎಂಬುದೂ ತಿಳಿಯಿತು.

ಕಳೆದ ವರ್ಷ ಗೆಳೆಯರ ಜೊತೆ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಲು ಹೋಗಿದ್ದೆವು. ಮೊಮೊ ತಿನ್ನಲು ಕೂತ ಹೋಟೆಲಿನಲ್ಲಿ ನಮ್ಮದೇ ವಯಸ್ಸಿನ ಹುಡುಗನೊಬ್ಬ ಅಚ್ಚ ಮೈಸೂರು ಕನ್ನಡದಲ್ಲಿ ಮಾತಿಗೆ ಇಳಿದ. ನಮ್ಮ ಮಾತು ಕೇಳಿ, “ನೀವು ದುರ್ಗದ ಕಡೆಯವ್ರಾ?” ಎಂದು ಅವನೇ ಗುರುತಿಸಿದ. ಡಿಗ್ರಿ ಮುಗಿಸಿ ಐಇಎಲ್‌ಟಿಎಸ್‌ಗೆ ಓದುತ್ತಿದ್ದ. “ನಮ್ ಕ್ಲಾಸಲ್ಲಿ ಇದ್ದೋರು ಅರ್ಧಕ್ಕರ್ಧ ಹೊರಗೆ ಹೋದ್ರು. ಇಲ್ಲಿ ಎಲ್ಲಾ ಇದೆ, ಕೆಲಸ ಒಂದು ಬಿಟ್ಟು” ಎಂದ. ತಾತ ಕಾಡು ಕಡಿದು ಮಾಡಿದ ಹೊಲವನ್ನು ಈಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ಸುತ್ತಲ ಹಳ್ಳಿಯವರಿಗೆ ಕೊಟ್ಟಿದ್ದೇವೆ ಎಂದ.

ಅವನಿಗೆ ಕೆಲಸ ಸಿಗದಿರಲು ಒಂದು ಕಾರಣ ನಮಗೆಲ್ಲ ಇರುವ ಕಾರಣವೇ. ಇನ್ನೊಂದು ಕಾನೂನು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದವು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. ಅದರ ನಂತರ ಹುಟ್ಟಿದವರಿಗೆ ಇಲ್ಲಿ ಹುಟ್ಟಿದ್ದೊಂದೇ ಸಾಲದು, ತಂದೆ ತಾಯಿಯ ಪೌರತ್ವವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನನ್ನ ವಯಸ್ಸಿನ ಎಷ್ಟೋ ಹುಡುಗರು ಕನ್ನಡ ಮಾತನಾಡುತ್ತ, ನೋಂದಣಿ ಪತ್ರ ನವೀಕರಿಸಿಕೊಳ್ಳುತ್ತ, ಕಾಗದದ ಮೇಲೆ ವಿದೇಶಿಯರಾಗಿ ಉಳಿದಿದ್ದಾರೆ. ಕೆಪಿಎಸ್‌ಸಿ, ಎಸ್‌ಎಸ್‌ಸಿ ಎಂದು ನಾವು ಅರ್ಜಿ ಹಾಕುವ ಬಾಗಿಲುಗಳು ಅವರಿಗೆ ಮುಚ್ಚಿವೆ. ಪೌರತ್ವ ಪಡೆಯಬಹುದಾದವರಲ್ಲೂ ಕೆಲವರಿಗೆ ಅದು ಬೇಡ. ನಾವು ನಿರಾಶ್ರಿತರು ಎಂಬುದೇ ಟಿಬೆಟ್ ಮೇಲಿನ ತಮ್ಮ ಹಕ್ಕಿನ ಕೊನೆಯ ಸಾಕ್ಷಿ ಎಂದು ಅವರು ಭಾವಿಸುತ್ತಾರೆ. ಈ ಇಕ್ಕಟ್ಟನ್ನು ಹೊರಗೆ ನಿಂತು ತೀರ್ಪು ಕೊಡುವುದು ಸುಲಭವಲ್ಲ.

ಮುಂದೆ ಏನಾಗಬಹುದು ಎಂದು ತಿಳಿಯಲು ಕೊಚ್ಚಿಗೆ ಹೋದರೆ ಸಾಕು. ಅಲ್ಲಿನ ಪರದೇಸಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. 1968ರಲ್ಲಿ ಅದರ 400ನೇ ವರ್ಷದ ಸಮಾರಂಭಕ್ಕೆ ಪ್ರಧಾನಿ ಇಂದಿರಾ ಗಾಂಧಿ ಬಂದಿದ್ದರು. ಸ್ವತಂತ್ರ ಭಾರತದಲ್ಲಿ ಆ ಯಹೂದಿಗಳನ್ನು ಯಾರೂ ಓಡಿಸಲಿಲ್ಲ, ಕೊಲ್ಲಲಿಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿದ ನಂತರ ಒಂದೊಂದೇ ಕುಟುಂಬ ಹೊರಟಿತು, ಯುವಕರು ಹೋದರು, ಮುದುಕರು ಉಳಿದರು. ಅವರ ಸಂಪ್ರದಾಯದಂತೆ ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ವಯಸ್ಕ ಗಂಡಸರು ಬೇಕು. ಊರಿನವರೇ ಹತ್ತು ಜನ ಸೇರುವುದು ನಿಂತುಹೋಯಿತು. ಈಗ ಕಟ್ಟಡ ಚೆನ್ನಾಗಿದೆ, ಟಿಕೆಟ್ ಕೌಂಟರ್ ಇದೆ, ಪ್ರವಾಸಿಗರಿದ್ದಾರೆ, ಸಮುದಾಯ ಇಲ್ಲ. ಸಮುದಾಯವೊಂದು ಮುಗಿಯಲು ಯುದ್ಧವೇ ಬೇಕಿಲ್ಲ. ಯುವಕರಿಗೆ ಉಳಿಯಲು ಕಾರಣ ಇಲ್ಲದಿದ್ದರೂ ಸಾಕು.

ನಮ್ಮ ಬಯಲು ಸೀಮೆಗೆ ಬಂದರೆ

ಬರಕ್ಕೂ ನರಮೇಧಕ್ಕೂ ಹೋಲಿಕೆ ಇಲ್ಲ. ಹಾಗೆ ಹೋಲಿಸಿದರೆ ಅದು ಸತ್ತವರಿಗೆ ಮಾಡುವ ಅವಮಾನ. ಆದರೆ ಊರು ಖಾಲಿಯಾಗುವ ಪ್ರಶ್ನೆ ನಮ್ಮದೂ ಹೌದು. ಮೊಳಕಾಲ್ಮುರು ರೇಷ್ಮೆ ಸೀರೆಗೆ ಜಿಐ ಮಾನ್ಯತೆ ಇದೆ, ಕೈಮಗ್ಗದ ಮುಂದೆ ಕೂರುವ ಹುಡುಗರು ಕಡಿಮೆಯಾಗುತ್ತಿದ್ದಾರೆ. ನಮ್ಮ ಅಜ್ಜ ನೇಯುತ್ತಿದ್ದರು, ಅಪ್ಪ ಬಿಟ್ಟರು, ನಾನು ಕಂಪ್ಯೂಟರ್ ಮುಂದೆ ಕೂತಿದ್ದೇನೆ. ‘ಎಣ್ಣೆ ನಗರ’ ಚಳ್ಳಕೆರೆಯ ಶೇಂಗಾ ಮಳೆಯನ್ನೇ ನಂಬಿದೆ. ಕುದಾಪುರದ ಕಾವಲಿನಲ್ಲಿ ದೇಶದ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದಿವೆ, ಆದರೆ ರಾತ್ರಿ ಬೆಂಗಳೂರು ಬಸ್ಸಿನಲ್ಲಿ ಸೀಟು ಖಾಲಿ ಇರುವುದಿಲ್ಲ. ಪದವಿ ಮುಗಿದರೆ ನಾನೂ ಅದೇ ಬಸ್ಸು ಹತ್ತುವವನು. ಹೋಗುವುದು ತಪ್ಪು ಎಂದು ಹೇಳಲು ನನಗೆ ಹಕ್ಕಿಲ್ಲ, ಹಾಗೆ ಅನಿಸುವುದೂ ಇಲ್ಲ. ಬೈಲಕುಪ್ಪೆಯ ಹುಡುಗನಿಗೂ ಅದನ್ನು ಹೇಳಲಾರೆ.

ಹೋಗುವವರು ಏನು ಉಳಿಸಿ ಹೋಗುತ್ತಾರೆ, ಉಳಿದವರ ಕೈಗೆ ಏನು ಸಿಗುತ್ತದೆ ಎಂಬುದನ್ನು ಮಾತ್ರ ಕೇಳಬಹುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದನ್ನು ಬರೆದ ಚಪಡ ಎಂಬಾತ ತನ್ನ ಹೆಸರಿನ ಜೊತೆಗೆ ಒಂದು ಪದವನ್ನು ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅದು ವಾಯವ್ಯ ಗಡಿಯ ಕಡೆಯ ಲಿಪಿ, ಇಲ್ಲಿ ಓದುವವರೇ ಇರಲಿಕ್ಕಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ದೂರ ಬಂದವನೊಬ್ಬ ತನ್ನ ಅಕ್ಷರವನ್ನು ಜೊತೆಗೇ ತಂದಿದ್ದ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆ ಕಲಿತವರಲ್ಲ, ಅವರ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರು ಅವರ ಮುಂದೆ ಕೂತು ಬರೆದುಕೊಳ್ಳದಿದ್ದರೆ ಆ ಹಾಡುಗಳು ಅಜ್ಜಿಯ ಜೊತೆಗೇ ಹೋಗುತ್ತಿದ್ದವು. ಮ್ಯೂನಿಕ್‌ನ ಇತಿಹಾಸ ಆಯೋಗ ಮಾಡಿದ್ದಕ್ಕೂ ಇದಕ್ಕೂ ಗಾತ್ರದಲ್ಲಿ ವ್ಯತ್ಯಾಸ, ಕೆಲಸ ಒಂದೇ ಜಾತಿಯದು.

ಆದ್ದರಿಂದ ಎರಡು ಮಾತು. ಮೊದಲನೆಯದು ಸರ್ಕಾರಕ್ಕೆ. 2014ರ ಟಿಬೆಟನ್ ಪುನರ್ವಸತಿ ನೀತಿ 20 ವರ್ಷದ ಜಮೀನು ಗುತ್ತಿಗೆ, ವ್ಯಾಪಾರ ಪರವಾನಗಿ, ಸರ್ಕಾರಿ ಯೋಜನೆಗಳ ಲಾಭ ಕೊಡಲು ರಾಜ್ಯಗಳಿಗೆ ಹೇಳಿದೆ. ಅರವತ್ತು ವರ್ಷದಿಂದ ಇಲ್ಲೇ ಇರುವವರಿಗೆ ಇದು ಕಚೇರಿಯಿಂದ ಕಚೇರಿಗೆ ಅಲೆಯುವ ಕೆಲಸ ಆಗಬಾರದು. ಕರ್ನಾಟಕದಲ್ಲಿ ಹುಟ್ಟಿ, ಇಲ್ಲಿಯೇ ಓದಿದವರನ್ನು ರಾಜ್ಯದ ಕೌಶಲ ತರಬೇತಿ, ಸ್ಟಾರ್ಟ್‌ಅಪ್ ಸಾಲಗಳಲ್ಲಿ ಸೇರಿಸಿಕೊಳ್ಳಬೇಕು. ಜಾಗ ಕೊಟ್ಟ ರಾಜ್ಯಕ್ಕೆ ಇದು ದೊಡ್ಡ ಹೆಜ್ಜೆಯಲ್ಲ.

ಎರಡನೆಯದು ನಮಗೆ. ಶಿಬಿರದಲ್ಲಿದ್ದವರು ಸಮಿತಿ ಆರಿಸಿಕೊಂಡರು. ನಮ್ಮಲ್ಲಿ ಗ್ರಾಮಸಭೆಗೆ ಎಷ್ಟು ಜನ ವಿದ್ಯಾರ್ಥಿಗಳು ಹೋಗುತ್ತೇವೆ? ಜೈಲಿನಲ್ಲಿದ್ದ ಭಿಕ್ಷುಗಳು ಪಾಠ ನಿಲ್ಲಿಸಲಿಲ್ಲ. ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ರಜೆಯಲ್ಲಿ ಊರಿಗೆ ಬಂದಾಗಲಾದರೂ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡಬಹುದಲ್ಲ? ಮಗ್ಗದ ಹಾಸು ಹೊಕ್ಕು ಬಲ್ಲ, ಹಟ್ಟಿಯ ಹಾಡು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಬರೆದಿಡಲು ಈಗ ಆಯೋಗ ಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲು ಸಾಕು, ಒಂದು ಭಾನುವಾರ ಸಾಕು.